ರೊಟ್ಟಿ ಬಿಟ್ಟ ಮೇಲೆ ಹೊಟ್ಟೆ ತುಂಬಿಸಲು ಕಲಿತದ್ದು

ಅಡುಗೆಮನೆಯ ಕಟ್ಟೆಯ ಮೇಲೆ ಸಣ್ಣ ಡಿಜಿಟಲ್ ತಕ್ಕಡಿ ಇಟ್ಟು, ದಿನವೂ ಸಂಜೆ ತಿನ್ನುತ್ತಿದ್ದ ಹಾಗೆಯೇ ಒಂದು ಮುಷ್ಟಿ ಹುರಿದ ಶೇಂಗಾ ತೆಗೆದು ಅದರ ಮೇಲೆ ಸುರಿದೆ. 42 ಗ್ರಾಂ ತೋರಿಸಿತು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 570 ಕ್ಯಾಲೊರಿ ಇರುತ್ತದೆ. ಅಂದರೆ ನನ್ನ ಒಂದು ಮುಷ್ಟಿಗೆ 240. ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಎರಡು ಮುಷ್ಟಿ ತಿನ್ನುತ್ತಿದ್ದೆ. ರೊಟ್ಟಿ, ಅನ್ನ ಬಿಟ್ಟು ಎರಡು ತಿಂಗಳು ಕಳೆದರೂ ತೂಕ ಏಕೆ ಇಳಿಯುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಆ ಅಂಗೈ ಅಗಲದ ತಕ್ಕಡಿಯ ಮೇಲೆ ಸಿಕ್ಕಿತು.

ನಾನು ಧಾರವಾಡದಲ್ಲಿ ವಿಜ್ಞಾನ ಶಿಕ್ಷಕಿ. ವಯಸ್ಸು 49. ಒಂದು ವರ್ಷದ ಹಿಂದೆ, ಜನವರಿಯಲ್ಲಿ, ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು ತೋರಿಸುವ ಅಂಕಿ) 6.3 ಬಂದಿತ್ತು. 6.5ಕ್ಕೆ ಮಧುಮೇಹ ಎನ್ನುತ್ತಾರೆ, ನಾನು ಅದರ ಹೊಸ್ತಿಲಲ್ಲಿದ್ದೆ. ತೂಕ 81 ಕಿಲೋ. ಪಿಷ್ಟ (ಕಾರ್ಬೋಹೈಡ್ರೇಟ್) ಕಡಿಮೆ ಮಾಡಿ ನೋಡಿ ಎಂದು ವೈದ್ಯರು ಹೇಳಿದರು. ನಾನು ಆಗ ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ ಮರುದಿನವೇ ಶುರು ಮಾಡಿದೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನನ್ನು ನೋಡಿ ರೊಟ್ಟಿ ಬಿಟ್ಟ ಸಹೋದ್ಯೋಗಿಯೊಬ್ಬರು ಸಕ್ಕರೆ ಇಳಿಸುವ ಮಾತ್ರೆಯನ್ನು ಮಾತ್ರ ಹಳೆಯ ಪ್ರಮಾಣದಲ್ಲೇ ನುಂಗುತ್ತಿದ್ದರು. ಮೂರನೆಯ ದಿನ ಸಕ್ಕರೆ ತೀರ ಇಳಿದು ತರಗತಿಯಲ್ಲೇ ಕೈಕಾಲು ನಡುಗಿ, ಬೆವತು, ಕುರ್ಚಿ ಹಿಡಿದು ಕುಳಿತರು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಬದಲಿಸುವ ಮೊದಲೇ ವೈದ್ಯರನ್ನು ಕಂಡು ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು.

ಮೊದಲ ಎರಡು ವಾರದಲ್ಲಿ ಮೂರು ಕಿಲೋ ಇಳಿಯಿತು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಅದರಲ್ಲಿ ಬಹುಪಾಲು ನೀರು ಎಂಬುದು ಗೊತ್ತಿದ್ದರೂ ನಾನೂ ಸಂತೋಷಪಟ್ಟೆ. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಪಿಷ್ಟವು ಗ್ಲೈಕೋಜನ್ ರೂಪದಲ್ಲಿ ಕೂಡಿರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಪಿಷ್ಟ ನಿಲ್ಲಿಸಿದರೆ ಆ ಸಂಗ್ರಹ ಕರಗಿ ನೀರು ಹೊರಟುಹೋಗುತ್ತದೆ. ನೀರಿನ ಜೊತೆ ಉಪ್ಪೂ ಹೋಗುವುದರಿಂದ ಆ ದಿನಗಳಲ್ಲಿ ತಲೆನೋವು, ರಾತ್ರಿ ಮೀನಖಂಡದಲ್ಲಿ ಸೆಳೆತ. ಮಜ್ಜಿಗೆಗೆ ಚಿಟಿಕೆ ಉಪ್ಪು ಹೆಚ್ಚು ಹಾಕಿ ಕುಡಿದ ಮೇಲೆ ಎರಡೂ ನಿಂತವು. ನನಗೆ ರಕ್ತದೊತ್ತಡವಿಲ್ಲ, ಇರುವವರು ಹೀಗೆ ಮಾಡುವ ಮೊದಲು ಕೇಳಿಕೊಳ್ಳಬೇಕು.

ಆಮೇಲಿನ ಆರು ವಾರ ಮುಳ್ಳು ಕದಲಲಿಲ್ಲ. ನನಗೆ ವಿಚಿತ್ರವೆನಿಸಿದ್ದು ಏನೆಂದರೆ, ಹಸಿವು ನಿಜವಾಗಿಯೂ ಕಡಿಮೆಯಾಗಿತ್ತು. ಮೊದಲೆಲ್ಲ ಹನ್ನೊಂದು ಗಂಟೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು, ಈಗ ಒಂದೂವರೆಯವರೆಗೂ ಊಟದ ನೆನಪಿರುತ್ತಿರಲಿಲ್ಲ. ಹಸಿವೇ ಇಲ್ಲದಿದ್ದರೆ ಹೆಚ್ಚು ತಿನ್ನುತ್ತಿಲ್ಲ ಎಂದೇ ಅರ್ಥವಲ್ಲವೇ? ಹಾಗೆಂದು ನಂಬಿದ್ದೆ. ತಕ್ಕಡಿ ತಂದ ಮೇಲೆ ಕೂಡಿಸಿದೆ, ಕಳೆದೆ. ನಾನು ಬಿಟ್ಟದ್ದು ದಿನಕ್ಕೆ ನಾಲ್ಕು ಜೋಳದ ರೊಟ್ಟಿ ಮತ್ತು ಎರಡು ಸಣ್ಣ ಬಟ್ಟಲು ಅನ್ನ. ತೆಳುವಾಗಿ ಬಡಿದ ಒಂದು ರೊಟ್ಟಿಗೆ 40 ಗ್ರಾಂ ಹಿಟ್ಟು, ಹೆಚ್ಚುಕಡಿಮೆ 135 ಕ್ಯಾಲೊರಿ. ಎಲ್ಲ ಸೇರಿ 930 ಕ್ಯಾಲೊರಿ ಬಿಟ್ಟಿದ್ದೆ. ಅದರ ಜಾಗದಲ್ಲಿ ಬಂದದ್ದು ಎರಡು ಮುಷ್ಟಿ ಶೇಂಗಾ, ನೂರು ಗ್ರಾಂ ಪನೀರ್, ಅದನ್ನು ಹುರಿಯುವುದಕ್ಕೂ ಸಾರಿನ ಮೇಲೆ ಹಾಕಿಕೊಳ್ಳುವುದಕ್ಕೂ ಎರಡು ದೊಡ್ಡ ಚಮಚ ತುಪ್ಪ. ಕೂಡಿಸಿದರೆ ಸುಮಾರು 1,000. ಒಂದು ಗ್ರಾಂ ಪಿಷ್ಟಕ್ಕೆ ನಾಲ್ಕು ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿಗೆ ಒಂಬತ್ತು ಎಂದು ಮಕ್ಕಳಿಗೆ ಪ್ರತಿ ವರ್ಷ ಹೇಳಿಕೊಡುವವಳು ನಾನು.

ಇದು ನನ್ನೊಬ್ಬಳ ಕಥೆಯಾಗಿರಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಜನರನ್ನು ಸಂಶೋಧನಾ ಕೇಂದ್ರದಲ್ಲೇ ಇರಿಸಿ, ಎರಡು ವಾರ ಪಿಷ್ಟ ತೀರ ಕಡಿಮೆ ಇರುವ ಆಹಾರ, ಎರಡು ವಾರ ಕೊಬ್ಬು ತೀರ ಕಡಿಮೆ ಇರುವ ಸಸ್ಯಾಹಾರ ಕೊಟ್ಟು, ಬೇಕಾದಷ್ಟು ತಿನ್ನಿ ಎಂದು ಬಿಟ್ಟರು. ಪಿಷ್ಟ ಕಡಿಮೆ ಇದ್ದ ವಾರಗಳಲ್ಲಿ ಅವರು ದಿನಕ್ಕೆ ಸರಾಸರಿ 700 ಕ್ಯಾಲೊರಿಯಷ್ಟು ಹೆಚ್ಚು ತಿಂದರು. ಆದರೆ ಹಸಿವು, ತೃಪ್ತಿ ಎರಡೂ ಬಗೆಯ ಊಟದಲ್ಲಿ ಒಂದೇ ರೀತಿ ಇತ್ತು ಎಂದು ಹೇಳಿದರು. ನನಗೆ ನಾಟಿದ್ದು ಈ ಕೊನೆಯ ಮಾತು. ಕ್ಯಾಲೊರಿ ಹೆಚ್ಚಾದರೂ ಹೊಟ್ಟೆಗೆ ಅದು ತಿಳಿಯುವುದಿಲ್ಲ.

ಅಲ್ಲಿಂದ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಊಟಕ್ಕೂ ಎರಡು ಅಂಕಣ. ಮೊದಲನೆಯದು, ಎದ್ದಾಗ ಹೊಟ್ಟೆ ಎಷ್ಟು ತುಂಬಿತ್ತು, ಐದಕ್ಕೆ ಅಂಕ. ಎರಡನೆಯದು, ಮತ್ತೆ ಹಸಿವಾಗುವವರೆಗೆ ಎಷ್ಟು ತಾಸು. ಈ ಎರಡನ್ನೂ ನಾನು ಒಂದೇ ಎಂದುಕೊಂಡಿದ್ದೆ. ಹತ್ತು ದಿನದಲ್ಲಿ ಆ ಭ್ರಮೆ ಹೋಯಿತು. ತುಪ್ಪದಲ್ಲಿ ಹುರಿದ ಪನೀರ್: ಹೊಟ್ಟೆಗೆ ಎರಡು ಅಂಕ, ಐದು ತಾಸು. ಹಸಿವೆ ತಡೆಯಿತು, ಆದರೆ ಎದ್ದಾಗ ಊಟ ಮಾಡಿದೆನೆಂದೇ ಅನಿಸಲಿಲ್ಲ, ಹಾಗಾಗಿ ಒಂದು ಮುಷ್ಟಿ ಶೇಂಗಾ ಬಾಯಿಗೆ ಹೋಯಿತು. ಬರೀ ಸೌತೆಕಾಯಿ, ಹಸಿ ಸೊಪ್ಪು, ಮಜ್ಜಿಗೆ: ಐದಕ್ಕೆ ಐದು, ಆದರೆ ಒಂದೂವರೆ ತಾಸಿಗೆ ಹೊಟ್ಟೆ ಖಾಲಿ. ಮೊಳಕೆ ಹೆಸರುಕಾಳಿನ ಉಸುಳಿ, ಎರಡು ಬಟ್ಟಲು ಮೆಂತ್ಯದ ಪಲ್ಯ, ಗಟ್ಟಿ ಮೊಸರು: ನಾಲ್ಕು ಅಂಕ, ನಾಲ್ಕೂವರೆ ತಾಸು. ಕ್ಯಾಲೊರಿ ಲೆಕ್ಕ ಹಾಕಿದರೆ ಪನೀರ್ ಊಟಕ್ಕಿಂತ ನೂರರಷ್ಟು ಕಡಿಮೆ.

ಪಿಷ್ಟ ಕಡಿಮೆ ಮಾಡಿದ್ದು ಊಟ ಊಟದ ನಡುವಿನ ಹಸಿವನ್ನು ನೋಡಿಕೊಂಡಿತು. ತಟ್ಟೆಯ ಮುಂದೆ ಕುಳಿತಾಗಿನ ತುಂಬುವಿಕೆ ಅದರಿಂದ ಬರಲಿಲ್ಲ, ಅದಕ್ಕೆ ಬೇರೆ ಏರ್ಪಾಡು ಬೇಕಾಯಿತು. ಜಠರದ ಗೋಡೆ ಹಿಗ್ಗಿದಾಗ ಅಲ್ಲಿನ ನರಗಳು ಮಿದುಳಿಗೆ ಸುದ್ದಿ ಕಳಿಸುತ್ತವೆ. ಆ ಗೋಡೆ ಹಿಗ್ಗುವುದು ಗಾತ್ರಕ್ಕೆ, ಕ್ಯಾಲೊರಿಗೆ ಅಲ್ಲ. ನೀರು, ನಾರು ತುಂಬಿದ ತರಕಾರಿ ಆ ಕೆಲಸ ಮಾಡುತ್ತದೆ. ಪ್ರೋಟೀನ್ ಕರುಳಿಗೆ ತಲುಪಿದಾಗ ಅಲ್ಲಿಂದ ಹೊರಡುವ ಹಾರ್ಮೋನುಗಳು ಸಾಕು ಎಂಬ ಭಾವವನ್ನು ಹೆಚ್ಚು ಹೊತ್ತು ಉಳಿಸುತ್ತವೆ. ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ 1995ರಲ್ಲಿ 38 ಆಹಾರಗಳನ್ನು ಸಮಾನ ಕ್ಯಾಲೊರಿಯಲ್ಲಿ ತಿನ್ನಿಸಿ ಯಾವುದು ಹೆಚ್ಚು ಹೊಟ್ಟೆ ತುಂಬಿಸುತ್ತದೆ ಎಂದು ಅಳೆದಾಗ ಎಲ್ಲಕ್ಕಿಂತ ಮೇಲೆ ನಿಂತದ್ದು ಬೇಯಿಸಿದ ಆಲೂಗಡ್ಡೆ. ಅದು ಪಿಷ್ಟವೇ. ಹಾಗಾಗಿ ಪಿಷ್ಟ ತೆಗೆದರೆ ಹೊಟ್ಟೆ ತಾನಾಗಿ ತುಂಬುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಈ ಏರ್ಪಾಡಿಗೆ ನಮ್ಮ ಭಾಗದ ಅಡುಗೆಯಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ ಎಂಬುದು ಆಮೇಲೆ ಹೊಳೆಯಿತು. ಹೊಳೆಯಿಸಿದವರು ಅತ್ತೆ. ರೊಟ್ಟಿ ಇಲ್ಲದ ಊಟವೂ ಒಂದು ಊಟವೇ? ಎಂದು ಮೊದಲು ಬೇಸರ ಮಾಡಿಕೊಂಡಿದ್ದ ಅವರು, ನಾನು ನೋಟ್‌ಬುಕ್ ಬರೆಯುವುದನ್ನು ನೋಡಿ ಒಂದು ದಿನ ಹೇಳಿದರು: “ನೋಡವ್ವ, ನಾವು ಸಣ್ಣವರಿದ್ದಾಗ ಹೊಲದಿಂದ ಬರುವಾಗ ಉಡಿ ತುಂಬ ಹಕ್ಕರಕಿ ಹರಿದುಕೊಂಡು ಬರುತ್ತಿದ್ದೆವು. ತುತ್ತಿಗೊಂದು ಮುಷ್ಟಿ ಸೊಪ್ಪು. ನೀವು ತಟ್ಟೆಯ ಮೂಲೆಯಲ್ಲಿ ನಾಲ್ಕು ಎಲೆ ಇಟ್ಟುಕೊಳ್ಳುತ್ತೀರಿ.” ಅದು ನಿಜ. ಹಕ್ಕರಕಿ, ಹಸಿ ಮೆಂತ್ಯ, ಮೂಲಂಗಿ ಎಲೆ, ಉಳ್ಳಾಗಡ್ಡೆ ತಪ್ಪಲು ಇವೆಲ್ಲ ನಮ್ಮಲ್ಲಿ ಊಟದ ಭಾಗವೇ ಆಗಿದ್ದವು, ಯಾವಾಗಲೋ ಅಲಂಕಾರವಾಗಿ ಉಳಿದವು. ಈಗ ಶುಕ್ರವಾರ ಪೇಟೆಯಿಂದ ಐದಾರು ಸೂಡು ಸೊಪ್ಪು ಬರುತ್ತದೆ. ಬಿಡಿಸಿ, ತೊಳೆದು, ಬಟ್ಟೆಯಲ್ಲಿ ಸುತ್ತಿಡುವ ಕೆಲಸ ಅತ್ತೆಯವರದು. ಇದಿಲ್ಲದಿದ್ದರೆ ಶಾಲೆಯ ಗಡಿಬಿಡಿಯಲ್ಲಿ ನನ್ನಿಂದ ಸಾಧ್ಯವಾಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಮೊಟ್ಟೆ, ಮಾಂಸ ಇಲ್ಲ. ಆದ್ದರಿಂದ ದಿನಕ್ಕೆ 20 ಗ್ರಾಂ ಪಿಷ್ಟಕ್ಕೆ ಇಳಿಯುವ ಕಟ್ಟುನಿಟ್ಟಿನ ಕೀಟೊ ನನಗೆ ಹೊಂದಲಿಲ್ಲ, ಅಷ್ಟರಲ್ಲಿ ಕಾಳು ತಿನ್ನುವ ಹಾಗೇ ಇಲ್ಲ. ಕಾಳಿಲ್ಲದೆ ನಮಗೆ ಪ್ರೋಟೀನ್ ಎಲ್ಲಿಂದ? ನಾರನ್ನು ಬಿಟ್ಟು ಸುಮಾರು 100 ಗ್ರಾಂ ಪಿಷ್ಟ ಎಂಬ ಮಿತಿ ಹಾಕಿಕೊಂಡೆ. ಬೆಳಿಗ್ಗೆ ಮೊಳಕೆ ಹೆಸರು ಅಥವಾ ಮಡಿಕೆ ಕಾಳಿನ ಉಸುಳಿ. ಮಧ್ಯಾಹ್ನದ ಡಬ್ಬಿಯಲ್ಲಿ ಒಂದು ರೊಟ್ಟಿ, ಎರಡು ಬಟ್ಟಲು ಸೊಪ್ಪಿನ ಅಥವಾ ಚೌಳಿಕಾಯಿ ಪಲ್ಯ, ಸೋಯಾ ಚಂಕ್ಸ್, ಮೊಸರು. ಹೌದು, ಒಂದು ರೊಟ್ಟಿ ಮರಳಿ ಬಂದಿದೆ. ಅದಿಲ್ಲದೆ ಪಲ್ಯ ಹೆಚ್ಚು ತಿನ್ನಲಾಗುತ್ತಿರಲಿಲ್ಲ. ಸೋಯಾ ಚಂಕ್ಸ್ ಬಗ್ಗೆ ನನಗೆ ಮೊದಲು ಒಲವಿರಲಿಲ್ಲ. ಆದರೆ ಒಣಗಿದ 30 ಗ್ರಾಂನಲ್ಲಿ 15 ಗ್ರಾಂ ಪ್ರೋಟೀನ್, ನೂರು ಕ್ಯಾಲೊರಿ, ಮೇಲಾಗಿ ನೀರಲ್ಲಿ ನೆನೆದರೆ ಬಟ್ಟಲು ತುಂಬುತ್ತದೆ. ಬಿಸಿನೀರಿನಲ್ಲಿ ನೆನೆಸಿ, ಎರಡು ಸಲ ಹಿಂಡಿ, ಎಣ್ಣೆಗಾಯಿ ಮಸಾಲೆಯಲ್ಲಿ ಬೇಯಿಸಿದರೆ ಅದರ ವಾಸನೆ ಹೋಗುತ್ತದೆ. ರಾತ್ರಿ ಮೊದಲು ತೆಳ್ಳಗಿನ ಬೇಳೆಕಟ್ಟು, ಬಿಸಿಬಿಸಿಯಾಗಿ ದೊಡ್ಡ ಲೋಟದ ತುಂಬ. ಆಮೇಲೆ ಪಲ್ಯ, 60 ಗ್ರಾಂ ಪನೀರ್. ದಿನಕ್ಕೆ ಪ್ರೋಟೀನ್ 65 ಗ್ರಾಂ ಆಸುಪಾಸು, ಕ್ಯಾಲೊರಿ 1,400ರಿಂದ 1,500.

ಶೇಂಗಾ ಬಿಡಲಿಲ್ಲ. ಹಿಂಡಿ (ಚಟ್ನಿಪುಡಿ) ಇಲ್ಲದ ಊಟ ನನಗೆ ರುಚಿಸುವುದಿಲ್ಲ. ಆದರೆ ಡಬ್ಬಿಗೆ ಸಣ್ಣ ಚಮಚ ಹಾಕಿಟ್ಟಿದ್ದೇನೆ, ಊಟಕ್ಕೆ ಒಂದೇ ಚಮಚ. ಗುರೆಳ್ಳು, ಅಗಸಿ ಹಿಂಡಿಗಳಿಗೂ ಅದೇ ನಿಯಮ, ಅವೂ ಎಣ್ಣೆಕಾಳುಗಳೇ. ಹುರಿದ ಶೇಂಗಾ ಬೇಕೆಂದರೆ ತೂಗಿ 15 ಗ್ರಾಂ, ಅದೂ ಸಿಪ್ಪೆ ಸಹಿತ ಕಾಯಿ ಸುಲಿದು ತಿನ್ನುವುದು. ಸುಲಿಯುವ ಕೆಲಸದಿಂದ ಕೈ ನಿಧಾನವಾಗುತ್ತದೆ. ಎಣ್ಣೆಯ ಲೆಕ್ಕ ಇನ್ನೂ ಕಷ್ಟದ್ದು. ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ, ಡಬ್ಬದಿಂದ ಬಾಣಲೆಗೆ ನೇರ ಸುರಿದರೆ ಮೂರು ಚಮಚ ಬೀಳುತ್ತದೆ, ಪಲ್ಯದಲ್ಲಿ ಅದು ಕಣ್ಣಿಗೆ ಕಾಣುವುದೂ ಇಲ್ಲ. ಸುರಿಯುವುದನ್ನು ನಿಲ್ಲಿಸಿ ಚಮಚದಲ್ಲಿ ಅಳೆಯತೊಡಗಿದ ಮೇಲೆ ಐದು ಲೀಟರಿನ ಎಣ್ಣೆ ಡಬ್ಬ ನಮ್ಮ ಮನೆಯಲ್ಲಿ ಎರಡು ವಾರ ಹೆಚ್ಚು ಬಾಳಿತು.

ತುಂಬಾ ಕಷ್ಟಪಟ್ಟದ್ದು ಎರಡು ಹೊತ್ತಿನಲ್ಲಿ. ಒಂದು, ಸಂಜೆ ಐದು ಗಂಟೆ. ಶಾಲೆಯಿಂದ ಬರುವ ದಾರಿಯಲ್ಲಿ ಗಿರ್ಮಿಟ್, ಮಿರ್ಚಿ ಗಾಡಿಗಳು. ಹಸಿದು ಆ ದಾರಿಯಲ್ಲಿ ಬಂದರೆ ಯಾವ ಸಂಕಲ್ಪವೂ ನಿಲ್ಲುವುದಿಲ್ಲವೆಂದು ಅರಿತು, ನಾಲ್ಕು ಗಂಟೆಯ ಬಿಡುವಿನಲ್ಲೇ ಸ್ಟಾಫ್ ರೂಮಿನಲ್ಲಿ ಮಜ್ಜಿಗೆ ಮತ್ತು ಒಂದು ಸೌತೆಕಾಯಿ ಮುಗಿಸುತ್ತೇನೆ. ಇನ್ನೊಂದು, ರಾತ್ರಿ ರೊಟ್ಟಿ ಬಡಿಯುವ ಹೊತ್ತು. ಮನೆಯವರಿಗೆ, ಮಕ್ಕಳಿಗೆ, ಅತ್ತೆಗೆ ಹನ್ನೆರಡು ರೊಟ್ಟಿ ಹಂಚಿನ ಮೇಲೆ ಉಬ್ಬುವಾಗ ಆ ವಾಸನೆಗೆ, ಚೂರು ಮುರಿದು ಬಾಯಿಗೆ ಹಾಕಿಕೊಳ್ಳದಿರುವುದು ನನಗೆ ಬಹಳ ದಿನ ಆಗಲಿಲ್ಲ. ಒಲೆಯ ಮುಂದೆ ನಿಂತು ತಿಂದ ಚೂರುಗಳನ್ನು ನಾನು ಊಟವೆಂದು ಬರೆಯುತ್ತಲೂ ಇರಲಿಲ್ಲ. ಈಗ ಹಿಟ್ಟು ನಾದುವ ಮೊದಲು ಬೇಳೆಕಟ್ಟು, ಕೋಸಂಬರಿ ಮುಗಿಸಿಯೇ ಹಂಚು ಇಡುತ್ತೇನೆ. ರೊಟ್ಟಿ ಮುಗಿಯುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿರುತ್ತದೆ, ಹೊಟ್ಟೆ ತನ್ನ ಮಾತು ಹೇಳಿರುತ್ತದೆ. ಅಡುಗೆ ಮಾಡುವ ಹೆಣ್ಣುಮಕ್ಕಳಿಗೆ ಇದನ್ನೊಂದು ಪ್ರಯತ್ನಿಸಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಎಲ್ಲರಿಗೂ ಬಡಿಸಿ ಕೊನೆಗೆ ಹಸಿದು ಕೂರುವ ರೂಢಿ ಈ ಊಟಕ್ರಮದ ದೊಡ್ಡ ಶತ್ರು.

ಏಪ್ರಿಲ್‌ನಿಂದ ತಿಂಗಳಿಗೆ ಸುಮಾರು ಒಂದು ಕಿಲೋದಂತೆ ಇಳಿಯಿತು. ಡಿಸೆಂಬರ್‌ಗೆ 70. ಎಚ್‌ಬಿಎ1ಸಿ 5.6. ಎಳ್ಳಮಾವಾಸ್ಯೆಗೆ ತವರಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಭರ್ತ ಎಲ್ಲವನ್ನೂ ಮನಸಾರೆ ಉಂಡೆ. ಎರಡು ದಿನ ಬಿಟ್ಟು ತೂಗಿದರೆ 1.8 ಕಿಲೋ ಏರಿತ್ತು. ಮೊದಲಿನವಳಾಗಿದ್ದರೆ ಅತ್ತು ಎಲ್ಲವನ್ನೂ ಬಿಟ್ಟುಬಿಡುತ್ತಿದ್ದೆ. ಗ್ಲೈಕೋಜನ್ ಮತ್ತೆ ತುಂಬಿ ನೀರು ಮರಳಿದೆ ಎಂದು ತಿಳಿದಿದ್ದರಿಂದ ನೋಟ್‌ಬುಕ್ಕಿನಲ್ಲಿ ಅದನ್ನೇ ಬರೆದು ಎಂದಿನ ಊಟಕ್ಕೆ ಮರಳಿದೆ. ಐದನೆಯ ದಿನ ಹಳೆಯ ತೂಕ ಬಂತು.

ಕೊನೆಗೊಂದು ರಾಗಿಯ ಮಾತು, ಏಕೆಂದರೆ ಬೆಂಗಳೂರಿನ ನಮ್ಮ ನೆಂಟರು ಪ್ರತಿ ಸಲ ಕೇಳುತ್ತಾರೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ಒಳ್ಳೆಯ ಧಾನ್ಯ. ಆದರೆ ನೂರು ಗ್ರಾಂ ಹಿಟ್ಟಿನ ಮುದ್ದೆಯಲ್ಲಿ 65 ಗ್ರಾಂಗಿಂತ ಹೆಚ್ಚು ಪಿಷ್ಟವಿದೆ, ಜೋಳದಲ್ಲೂ ಅಷ್ಟೇ. ಸಕ್ಕರೆ ಕಾಯಿಲೆಗೆ ರಾಗಿ ಎಷ್ಟು ಬೇಕಾದರೂ ತಿನ್ನಬಹುದು ಎಂಬ ನಂಬಿಕೆ ನಮ್ಮ ಮನೆತನದಲ್ಲೇ ಇಬ್ಬರಿಗೆ ತೊಂದರೆ ಮಾಡಿದೆ. ಸಣ್ಣ ಮುದ್ದೆ, ದೊಡ್ಡ ಬಟ್ಟಲು ಸೊಪ್ಪಿನ ಸಾರು ಎಂದರೆ ನನ್ನ ಒಂದು ರೊಟ್ಟಿಯ ಲೆಕ್ಕಕ್ಕೆ ಸರಿಹೋಗುತ್ತದೆ.

ಇನ್ನು ಕೆಲವು ತಿಂಗಳಿಗೆ ಧಾರವಾಡದ ಆಪೂಸು ಬರುತ್ತದೆ, ಪೇಟೆಯಲ್ಲಿ ಸೊಪ್ಪು ಬಾಡುತ್ತದೆ. ಬೇಸಿಗೆಗೆ ಸೋರೆಕಾಯಿ, ಹೀರೇಕಾಯಿ, ಎಲೆಕೋಸು ಎಂದು ಈಗಲೇ ಬರೆದಿಟ್ಟಿದ್ದೇನೆ. ನೂರು ಗ್ರಾಂ ಮಾವಿನ ಹಣ್ಣಿಗೆ 15 ಗ್ರಾಂ ಪಿಷ್ಟ. ಮಾವು ತಿನ್ನುವ ದಿನ ಡಬ್ಬಿಯಲ್ಲಿ ರೊಟ್ಟಿ ಇರುವುದಿಲ್ಲ, ಊಟ ಮುಗಿದ ಕೂಡಲೇ ಒಂದು ಹಣ್ಣು, ತೂಗಿಯೇ.