ಬೊಜ್ಜದ ಪಾಯಸದ ಪದ್ಯಗಳನ್ನು ಬರೆದಿಡುವ ಬಗೆ

ಅಡಿಕೆ ಮರವೇರಿದ ಅಜ್ಜ ಜಾರಿ ಬೀಳುತ್ತಾನೆ. ಓಡಿಬಂದ ಮೊಮ್ಮಕ್ಕಳು ನೋವಾಯಿತೇ ಎಂದು ಕೇಳದೆ, ಬೊಜ್ಜದ ಪಾಯಸ ಯಾವ ದಿನ ಎಂದು ಕೇಳುತ್ತಾರೆ. ಬೊಜ್ಜವೆಂದರೆ ತುಳುವಿನಲ್ಲಿ ಸತ್ತವರ ಉತ್ತರಕ್ರಿಯೆ. ಉಡುಪಿಯ ಸಮೀಪದ ನಮ್ಮ ಮನೆಯಲ್ಲಿ ಗಂಜಿ ಉಣ್ಣಿಸುವಾಗ ಅಜ್ಜಿ ಹೇಳುತ್ತಿದ್ದ ತುಳು ಪದ್ಯವೊಂದರ ತಿರುಳು ಇದು. ಇಂಥವನ್ನು ಸಂಗ್ರಹಿಸಲು ಹೊರಟವರು ಮೊದಲು ತಮ್ಮ ಪ್ರಶ್ನೆಯನ್ನು ತಿದ್ದಿಕೊಳ್ಳಬೇಕು. ಸಾವಿನ ತಮಾಷೆಯ ಪದ್ಯ ಗೊತ್ತುಂಟೇ ಎಂದು ನೇರವಾಗಿ ಕೇಳಿದರೆ ಹಿರಿಯರು ಅಪಶಕುನವೆಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಕಣ್ಣಾಮುಚ್ಚಾಲೆಯಲ್ಲಿ ಕಳ್ಳನನ್ನು ಹೇಗೆ ಆರಿಸುತ್ತಿದ್ದಿರಿ, ಹಠದ ಮಗುವಿಗೆ ಹೇಗೆ ಉಣ್ಣಿಸುತ್ತಿದ್ದಿರಿ ಎಂದು ಕೇಳಿದರೆ ಅವರ ಕೈ ಮೊದಲು ಆಡುತ್ತದೆ, ಪದ್ಯ ಅದರ ಹಿಂದೆಯೇ ಬರುತ್ತದೆ. ಮದುವೆ, ಗೃಹಪ್ರವೇಶಗಳಿಲ್ಲದ, ಜುಲೈ-ಆಗಸ್ಟ್ ಹೊತ್ತಿಗೆ ಬರುವ ತುಳುವರ ಆಟಿ ತಿಂಗಳು ಇದಕ್ಕೆ ಒಳ್ಳೆಯ ಕಾಲ. ಮಳೆಯ ದೆಸೆಯಿಂದ ಅವರು ಜಗಲಿ ಬಿಟ್ಟು ಕದಲುವುದಿಲ್ಲ.

ಕಾಗದ ಹಿಡಿಯುವ ಮೊದಲು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳುವುದು ಅಗತ್ಯ. ‘ಬೂರಿಯೆ’ ಎಂಬ ತುಳು ಪದವನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಬಿದ್ದವನು ಅವನೋ ನಾನೋ ಎಂಬುದು ತಿಳಿಯುವುದಿಲ್ಲ, ಏಕೆಂದರೆ ಆ ವ್ಯತ್ಯಾಸ ಕೊನೆಯ ಎಕಾರದ ಉಚ್ಚಾರದಲ್ಲಿ ಮಾತ್ರ ಇದೆ. ನಗು ಯಾರ ಮೇಲೆ ಎಂಬುದು ನಿರ್ಧಾರವಾಗುವುದು ಅಲ್ಲಿಯೇ. ಯಾವ ಸಾಲಿಗೆ ಮಗುವಿನ ಕಿವಿ ಹಿಂಡುತ್ತಿದ್ದರು, ಯಾವ ಸಾಲಿಗೆ ತುತ್ತು ಇಡುತ್ತಿದ್ದರು ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕು. ಅರ್ಥವಾಗದ ಪದ ಸಿಕ್ಕರೆ ಉಡುಪಿಯ ಗೋವಿಂದ ಪೈ ಸಂಶೋಧನಾ ಕೇಂದ್ರದ 6 ಸಂಪುಟಗಳ ತುಳು ನಿಘಂಟನ್ನೂ, 1886ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಿಸಿದ ಮ್ಯಾನರ್ ಅವರ ನಿಘಂಟನ್ನೂ ನೋಡಬಹುದು. ಅಲ್ಲಿಯೂ ಸಿಗದಿದ್ದರೆ ಕೇಳಿದಂತೆಯೇ ಉಳಿಸಬೇಕು. ಎಣಿಕೆಯ ಪದ್ಯಗಳಲ್ಲಿ ಎಷ್ಟೋ ಪದಗಳು ಬರಿಯ ಸದ್ದುಗಳು.

ಪದ್ಯಕ್ಕೊಂದು ಭಯಾನಕ ಇತಿಹಾಸ ಕಟ್ಟುವ ಚಪಲವನ್ನು ಮಾತ್ರ ಹತ್ತಿಕ್ಕಲೇಬೇಕು. ನಮ್ಮ ಶಿಶುವಿಹಾರಗಳಲ್ಲಿ ಮಕ್ಕಳು ಕುಣಿಯುವ ‘ರಿಂಗಾ ರಿಂಗಾ ರೋಸಸ್’ 1665ರ ಲಂಡನ್ನಿನ ಪ್ಲೇಗಿನ ಹಾಡೆಂದು ಬಹಳ ಮಂದಿ ನಂಬಿದ್ದಾರೆ. ಆದರೆ ಇಂಗ್ಲೆಂಡಿನಲ್ಲಿ ಅದು ಅಚ್ಚಾದದ್ದು 1881ರಲ್ಲಿ, ಪ್ಲೇಗಿನ ವಿವರಣೆ ಹಬ್ಬಿದ್ದು ಎರಡನೆಯ ಮಹಾಯುದ್ಧದ ನಂತರ, ಮತ್ತು ಜಾನಪದ ವಿದ್ವಾಂಸರು ಆ ವಿವರಣೆಯನ್ನು ಒಪ್ಪುವುದಿಲ್ಲ. ಅಡಿಕೆ ಮರದಿಂದ ಬಿದ್ದ ಅಜ್ಜ ಯಾವ ಬೀಡಿನ ಬಲ್ಲಾಳನೂ, ಅಂದರೆ ಹಿಂದೆ ಸೀಮೆಯನ್ನಾಳಿದ ಅರಸನೂ, ಆಗಬೇಕಾಗಿಲ್ಲ.

ನೆರೆಮನೆಯವರ ಹೆಸರೋ ಜಾತಿಯ ಹೀಯಾಳಿಕೆಯೋ ಇದ್ದರೆ ಅದು ಸ್ವಂತ ಟಿಪ್ಪಣಿಯಲ್ಲಿರಲಿ, ಹಂಚುವ ಪ್ರತಿಯಲ್ಲಿ ಬೇಡ. ಅದರ ಹೊರತು ಏನನ್ನೂ ಮೃದುಗೊಳಿಸಬಾರದು: ಸತ್ತ ಅಜ್ಜನನ್ನು ಬದುಕಿಸಿದರೆ ಪಾಯಸ ತಪ್ಪುತ್ತದೆ, ಪದ್ಯವೂ ಕೆಡುತ್ತದೆ.

ಬರೆದದ್ದನ್ನು ಒಂದು ವಾರದ ನಂತರ ಹೇಳಿದವರೆದುರಿಗೇ ಗಟ್ಟಿಯಾಗಿ ಓದಬೇಕು. ನಾನು ಎರಡು ಸಾಲುಗಳನ್ನು ಅದಲುಬದಲಾಗಿ ಓದಿದಾಗ ಅಜ್ಜಿ, “ಹಾಗಲ್ಲ ಮಗಾ, ಪಾಯಸಕ್ಕೆ ಬೆಲ್ಲ ತರಲು ಅಜ್ಜನನ್ನೇ ಕಳುಹಿಸುವುದು” ಎಂದು ಅದುವರೆಗೆ ಹೇಳದಿದ್ದ ಕೊನೆಯ ಸಾಲನ್ನು ಹೇಳಿದರು.