ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿ ಗಸಿ ಬರ್ತಿದ್ಯಾ? ನನ್ನ ಅನುಭವ

ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಫ್ಯುಸೇರಿಯಂ ಶಿಲೀಂಧ್ರದಿಂದ ಬೆಳ್ಳಿಯ ನ್ಯಾನೋಕಣ ಮಾಡುತ್ತಿದ್ದೆ. ಸಿಲ್ವರ್ ನೈಟ್ರೇಟ್ ಬೆರೆಸಿದರೆ, ಕಣ ಆಗಿದೆ ಅನ್ನೋದಕ್ಕೆ ಗುರುತಾಗಿ ಕಂದು ಬಣ್ಣ ಬರಬೇಕಲ್ವಾ? ಆದರೆ ಒಡೆದ ಹಾಲಿನ ಹಾಗೆ ಬಿಳಿ ಗಸಿ ತಳಕ್ಕೆ ಕೂರುತ್ತಿತ್ತು. ಅದಕ್ಕೆ ಅಮೋನಿಯಾ ಬಿಟ್ಟೆ, ಕರಗಿಹೋಯಿತು. ಸಿಲ್ವರ್ ಕ್ಲೋರೈಡ್ ಅನ್ನುವ ಅನುಮಾನ ಬಲವಾಯಿತು. ಶಿಲೀಂಧ್ರ ತೊಳೆಯುವ ಬೋರ್‌ವೆಲ್ ನೀರಿಗೇ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ ನೋಡಿದೆ. ಅದೂ ಬೆಳ್ಳಗಾಯಿತು! ಅಂದರೆ ಆ ನೀರಿನಲ್ಲಿದ್ದ ಕ್ಲೋರೈಡೇ ಬೆಳ್ಳಿಯ ಜೊತೆ ಸೇರಿ ಗಸಿಯಾಗುತ್ತಿತ್ತು.

ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲೇ ತೊಳೆದೆ. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಬಿಟ್ಟರೂ ತಿಳಿಯಾಗೇ ಇರಬೇಕು, ಅಲ್ಲಿಯವರೆಗೂ ಬಿಡಬೇಡಿ. ನಂತರ ಶಿಲೀಂಧ್ರವನ್ನು ಡಿಸ್ಟಿಲ್ಡ್ ವಾಟರಿನಲ್ಲೇ 72 ಗಂಟೆ ನೆನೆಸಿ, ಸೋಸಿ, ಆ ಸೋಸಿದ ನೀರಿಗೆ 1 ಮಿಲಿಮೋಲಾರ್ ಪ್ರಮಾಣಕ್ಕೆ ಸಿಲ್ವರ್ ನೈಟ್ರೇಟ್ ಬೆರೆಸಿ ಕತ್ತಲಲ್ಲಿ ಇಟ್ಟೆ. ಚೆಂದದ ಕಂದು ಬಣ್ಣ ಬಂತು. ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 420 ನ್ಯಾನೋಮೀಟರ್ ಹತ್ತಿರ ಬೆಳ್ಳಿಯ ನ್ಯಾನೋಕಣದ ಗುರುತಾದ ಪೀಕ್ ಕಂಡಾಗ ಎಷ್ಟು ಖುಷಿಯಾಯಿತು!

ಈ ಕಣಗಳು ಬ್ಯಾಕ್ಟೀರಿಯಾ ಕೊಲ್ಲುತ್ತವೆಯೇ ಎಂದು ಪರೀಕ್ಷೆ ಮಾಡುವ ಮುಂಚೆ ಅವುಗಳನ್ನು ಸೆಂಟ್ರಿಫ್ಯೂಜ್ ಮಾಡಿ ತೊಳೆಯಿರಿ. ಉಳಿದ ಸಿಲ್ವರ್ ನೈಟ್ರೇಟ್ ಕೂಡ ಬ್ಯಾಕ್ಟೀರಿಯಾ ಕೊಲ್ಲುತ್ತದೆ.