ಕುಡಿತದಿಂದ ಯಕೃತ್ತು ಕೆಡುವ ಹಂತಗಳನ್ನು ಗುರುತಿಸುವುದು ಹೇಗೆ?

ಕಣ್ಣು ಹಳದಿಯಾಗುವವರೆಗೆ ಲಿವರ್‌ಗೆ ಏನೂ ಆಗಿಲ್ಲವೆಂದು ನಂಬುವವರೇ ಹೆಚ್ಚು. ಯಕೃತ್ತಿನ ಒಳಭಾಗದಲ್ಲಿ ನೋವು ತಿಳಿಸುವ ನರಗಳಿಲ್ಲ. ಹೊರಗಿನ ಪೊರೆ ಹಿಗ್ಗಿದಾಗ ಮಾತ್ರ ಬಲ ಪಕ್ಕೆಲುಬಿನ ಕೆಳಗೆ ಭಾರವೆನಿಸಬಹುದು. ಆದ್ದರಿಂದ ಲಕ್ಷಣಕ್ಕಾಗಿ ಕಾಯದೆ, ಕುಡಿಯುವ ಪ್ರಮಾಣದಿಂದಲೇ ಲೆಕ್ಕ ಶುರುಮಾಡಬೇಕು.

ಬಾಟಲಿಯ ಮೇಲೆ ನಮೂದಿಸಿದ ಶೇಕಡಾ ಪ್ರಮಾಣವನ್ನು ಕುಡಿದ ಮಿಲಿಲೀಟರ್‌ನಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.8ರಿಂದ ಗುಣಿಸಿದರೆ ಆಲ್ಕೋಹಾಲ್ ಎಷ್ಟು ಗ್ರಾಂ ಎಂಬುದು ಸಿಗುತ್ತದೆ. ಶೇ 5ರ ಬಿಯರ್ 500 ಮಿ.ಲೀ. ಎಂದರೆ 20 ಗ್ರಾಂ. ಶೇ 40ರ ವಿಸ್ಕಿ 60 ಮಿ.ಲೀ. ಎಂದರೆ ಸುಮಾರು 19 ಗ್ರಾಂ. ‘ನಾನು ಬರೀ ಬಿಯರ್ ಕುಡಿಯುವುದು’ ಎಂಬ ಸಮಾಧಾನ ಇಲ್ಲಿಗೆ ಮುಗಿಯುತ್ತದೆ. ಮಹಿಳೆಯರಿಗೆ, ಸ್ಥೂಲಕಾಯದವರಿಗೆ, ಹೆಪಟೈಟಿಸ್ ಬಿ ಅಥವಾ ಸಿ ಸೋಂಕು ಇರುವವರಿಗೆ ಕಡಿಮೆ ಪ್ರಮಾಣವೂ ಹೆಚ್ಚು ಹಾನಿ ಮಾಡುತ್ತದೆ.

ಮದ್ಯವು ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ, ಬಳಿಕ ಅಸಿಟೇಟ್ ಆಗಿ ಮಾರ್ಪಡುತ್ತದೆ. ಈ ಕೆಲಸದ ನಡುವೆ ಜೀವಕೋಶಗಳು ಕೊಬ್ಬನ್ನು ಕರಗಿಸುವುದು ಕುಂಠಿತವಾಗುವುದರಿಂದ ಅದು ಅಲ್ಲೇ ಶೇಖರವಾಗುತ್ತದೆ. ಇದೇ ಫ್ಯಾಟಿ ಲಿವರ್. ವಿಪರೀತ ಕುಡಿಯುವವರಲ್ಲಿ ಸುಮಾರು ಶೇ 90ರಷ್ಟು ಮಂದಿಯಲ್ಲಿ ಕಾಣುವ ಈ ಹಂತ, ಕುಡಿತವನ್ನು ಪೂರ್ತಿ ಬಿಟ್ಟರೆ ಕೆಲವು ವಾರಗಳಲ್ಲೇ ಬಹುಮಟ್ಟಿಗೆ ಸರಿಹೋಗುತ್ತದೆ. ಬಿಡದಿದ್ದರೆ ಕೆಲವರಲ್ಲಿ ಉರಿಯೂತ ಉಂಟಾಗಿ, ಸತ್ತ ಜೀವಕೋಶಗಳ ಜಾಗದಲ್ಲಿ ನಾರಿನಂಥ ಗಾಯದ ಕಲೆ ಬೆಳೆಯುತ್ತದೆ. ಆ ಕಲೆ ಎಲ್ಲೆಡೆ ಹಬ್ಬಿ, ಯಕೃತ್ತು ಗಟ್ಟಿಯಾಗಿ ಗಂಟುಗಂಟಾದಾಗ ಅದನ್ನು ಸಿರೋಸಿಸ್ ಎನ್ನುತ್ತಾರೆ. ಆದರೆ ರೋಗ ಮೆಟ್ಟಿಲು ಹತ್ತಿದಂತೆ ಕ್ರಮವಾಗಿಯೇ ಸಾಗಬೇಕೆಂದಿಲ್ಲ. ಜ್ವರ, ಕಾಮಾಲೆ, ಹೊಟ್ಟೆನೋವಿನೊಂದಿಗೆ ತೀವ್ರ ಮದ್ಯಜನ್ಯ ಹೆಪಟೈಟಿಸ್ ದಿಢೀರನೆ ಬಂದು ಜೀವಕ್ಕೇ ಕುತ್ತಾಗಬಹುದು.

ಯಕೃತ್ತಿನ ಜೀವಕೋಶಗಳಿಗೆ ಹಾನಿಯಾದಾಗ ರಕ್ತಕ್ಕೆ ಸೋರುವ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಎರಡು ಕಿಣ್ವಗಳಿವೆ. ರಕ್ತಪರೀಕ್ಷೆಯ ವರದಿಯಲ್ಲಿ ಎಸ್‌ಜಿಒಟಿ ಅಂಕಿಯು ಎಸ್‌ಜಿಪಿಟಿಯ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಮದ್ಯದ ಮೇಲೆ ಅನುಮಾನ ಬಲವಾಗುತ್ತದೆ. ಎರಡೂ ನಾರ್ಮಲ್ ಇವೆಯೆಂದು ಕುಡಿತ ಮುಂದುವರಿಸಲು ಪರವಾನಗಿ ಸಿಕ್ಕಂತೆ ನಡೆದುಕೊಳ್ಳುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು, ಏಕೆಂದರೆ ಸಿರೋಸಿಸ್ ಆದವರಲ್ಲೂ ಈ ಅಂಕಿಗಳು ಸಹಜವಾಗಿರಬಹುದು. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಮತ್ತು ಅಲ್ಬುಮಿನ್ (ಯಕೃತ್ತು ತಯಾರಿಸುವ ಪ್ರೋಟೀನ್) ಇಳಿದಿವೆಯೇ, ಬಿಲಿರುಬಿನ್ (ಕಾಮಾಲೆಯ ಹಳದಿ ವಸ್ತು) ಮತ್ತು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಏರಿವೆಯೇ ಎಂಬುದನ್ನೂ ನೋಡಬೇಕು. ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಫೈಬ್ರೋಸ್ಕ್ಯಾನ್ ಎಂಬ ಪರೀಕ್ಷೆ ಸೂಜಿಯಿಲ್ಲದೆ ಅಳೆಯುತ್ತದೆ.

ಕುಡಿತ ಬಿಡುವುದೇ ಮುಖ್ಯ ಚಿಕಿತ್ಸೆ. ಆದರೆ ನಿತ್ಯ ವಿಪರೀತ ಕುಡಿಯುವವರು ವೈದ್ಯರಿಗೆ ತಿಳಿಸದೆ ಒಮ್ಮೆಲೇ ನಿಲ್ಲಿಸಬಾರದು. ಕೊನೆಯ ಗುಟುಕಿನ ನಂತರ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು ಆರಂಭವಾಗಿ, 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳೊಳಗೆ ಇಲ್ಲದ್ದನ್ನು ಕಾಣುವ, ದಿಕ್ಕು ತೋಚದ ಸನ್ನಿಯೂ ಕಾಣಿಸಿಕೊಳ್ಳಬಹುದು. ವೈದ್ಯರು ಸೂಕ್ತ ಮಾತ್ರೆಗಳೊಂದಿಗೆ ಥಯಮಿನ್ (ವಿಟಮಿನ್ ಬಿ1) ಕೊಟ್ಟು ಈ ದಿನಗಳನ್ನು ದಾಟಿಸುತ್ತಾರೆ.

ಸಿರೋಸಿಸ್ ಇರುವವರ ಮನೆಯವರು ಒಂದು ಸರಳ ಪರೀಕ್ಷೆ ತಿಳಿದಿರಬೇಕು. ರೋಗಿಯು ಎರಡೂ ಕೈಗಳನ್ನು ಮುಂದೆ ಚಾಚಿ, ಬೆರಳುಗಳನ್ನು ಅಗಲಿಸಿ, ಯಾರನ್ನೋ ತಡೆಯುವಂತೆ ಅಂಗೈಗಳನ್ನು ಮೇಲಕ್ಕೆ ಮಡಿಸಿ ಹಿಡಿಯಲಿ. ಹಕ್ಕಿ ರೆಕ್ಕೆ ಬಡಿದಂತೆ ಅಂಗೈ ಮತ್ತೆ ಮತ್ತೆ ಜಾರಿ ಬೀಳುತ್ತಿದ್ದರೆ, ಹಗಲು ತೂಕಡಿಸಿ ರಾತ್ರಿ ಎಚ್ಚರವಿದ್ದರೆ, ಯಕೃತ್ತು ಶೋಧಿಸದೆ ಬಿಟ್ಟ ವಿಷ ಮೆದುಳನ್ನು ಬಾಧಿಸುತ್ತಿರುವ ಸಾಧ್ಯತೆಯಿದೆ. ರಕ್ತವಾಂತಿ, ಟಾರಿನಂಥ ಕಪ್ಪು ಮಲ, ನೀರು ತುಂಬಿದ ಹೊಟ್ಟೆಯಲ್ಲಿ ಜ್ವರದೊಡನೆ ನೋವು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಸಿರೋಸಿಸ್ ಇರುವವರು ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ನುಂಗಬಾರದು; ಪ್ಯಾರಸಿಟಮಾಲ್ ಕೂಡ ವೈದ್ಯರು ಹೇಳಿದ ಮಿತಿಯಲ್ಲೇ ಇರಲಿ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಉಪ್ಪು ಇಳಿಸಬೇಕು, ಆದರೆ ಪ್ರೋಟೀನ್ ಬಿಡಿಸುವುದು ಹಳೆಯ ತಪ್ಪು ಸಲಹೆ, ಅದರಿಂದ ಸ್ನಾಯುಗಳು ಕರಗುತ್ತವೆ. ಕುಡಿತ ಬಿಟ್ಟು ವರ್ಷಗಳಾದ ಮೇಲೂ ಸಿರೋಸಿಸ್ ಇರುವ ಯಕೃತ್ತಿನಲ್ಲಿ ಕ್ಯಾನ್ಸರ್ ಹುಟ್ಟಬಹುದಾದ್ದರಿಂದ, 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುತ್ತಿರಬೇಕು.